ಎರಡು ನಿಮಿಷದ ಉಪದೇಶ, ರಾತ್ರಿ ಹನ್ನೊಂದರ ಊಟ

"ಸಕ್ಕರೆ ಬಿಡಿ, ಅನ್ನ ಕಡಿಮೆ ಮಾಡಿ, ದಿನಾ ಬೆಳಿಗ್ಗೆ ವಾಕಿಂಗ್ ಹೋಗಿ." ಮುಂಬಯಿಯಲ್ಲಿ ಐವತ್ತು ದಾಟಿದ ಯಾರನ್ನೇ ಕೇಳಿ, ಡಾಕ್ಟರರ ಈ ಮಂತ್ರ ಬಾಯಿಪಾಠ. ಪಾಲಿಸಿದವರೆಷ್ಟು ಮಂದಿ ಅಂತ ಮಾತ್ರ ಕೇಳಬೇಡಿ!

ನನ್ನ ಭಾವನನ್ನೇ ನೋಡಿ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಈಗ ಘಾಟ್ಕೋಪರಿನ ಸಣ್ಣ ಹೋಟೆಲೊಂದರ ಗಲ್ಲದಲ್ಲಿ ಕೂರುವವರು. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದರೆ ಮುಚ್ಚುವುದು ರಾತ್ರಿ ಹನ್ನೊಂದಕ್ಕೆ. ಆಮೇಲೆ ಹೊಟ್ಟೆ ತುಂಬ ಅನ್ನ, ಸಾರು, ನಿದ್ದೆ. ನಡುವೆ ಎಂಟ್ಹತ್ತು ಚಹಾ. ಸಕ್ಕರೆ ಕಾಯಿಲೆ ಶುರುವಾದ ಮೇಲೆ ಮೂವರು ಡಾಕ್ಟರರು ಬದಲಾದರು. ಮೂವರೂ ಹೇಳಿದ್ದು ಒಂದೇ: ರಾತ್ರಿ ಎಂಟರೊಳಗೆ ಊಟ ಮುಗಿಸಿ.

"ಎಂಟಕ್ಕೆ ಗಿರಾಕಿಗಳ ರಶ್ಶು ಮಾರಾಯ. ಆಗ ನಾನು ಉಣ್ಲಿಕ್ಕೆ ಕೂತ್ರೆ ಗಲ್ಲಕ್ಕೆ ಡಾಕ್ಟರ್ ಬರ್ತಾರಾ?" ಅಂತ ಭಾವ ನಗುತ್ತಿದ್ದರು. ನಗು ನಿಂತದ್ದು ಕಾಲ್ಬೆರಳಿನ ಗಾಯ ಎರಡು ತಿಂಗಳಾದರೂ ಒಣಗದಿದ್ದಾಗ. ಕೊನೆಗೆ ಆ ಬೆರಳನ್ನು ತೆಗೆಯಬೇಕಾಯಿತು.

ಆಮೇಲೆ ಅವರನ್ನು ನಮ್ಮ ಗಲ್ಲಿಯ ಫ್ಯಾಮಿಲಿ ಡಾಕ್ಟರರ ಹತ್ತಿರ ಕರೆದೊಯ್ದೆ. ಒಂದೇ ಕೋಣೆಯ ದವಾಖಾನೆ. ಅವರು ಉಪದೇಶ ಮಾಡಲಿಲ್ಲ, ಕೇಳಿದರು. ಎಷ್ಟು ಗಂಟೆಗೆ ಏಳುತ್ತೀರಿ? ಗಿರಾಕಿ ಕಡಿಮೆ ಇರುವ ಹೊತ್ತು ಯಾವುದು? ಇಷ್ಟರಲ್ಲಿ ನಿಮ್ಮಿಂದ ಆಗುವುದು ಯಾವುದು? ಕೊನೆಗೆ ಗೊತ್ತಾದದ್ದು ಮೂರೇ ಸಂಗತಿ. ಸಂಜೆ ಆರೂವರೆಗೆ ಎರಡು ಚಪಾತಿ, ಪಲ್ಯ. ಬಾಗಿಲು ಹಾಕಿದ ಮೇಲೆ ಒಂದು ಲೋಟ ಮಜ್ಜಿಗೆ. ಚಹಾ ನಾಲ್ಕೇ ಸಲ, ಸಕ್ಕರೆ ಇಲ್ಲದ ಕಟಿಂಗ್. ಗಾಯ ಪೂರ್ತಿ ಮಾಗಿದ ಮೇಲೆ, ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಬೂಟು ಹಾಕಿಕೊಂಡು ನಡಿಗೆ. ಮಾತ್ರೆಯ ಹೊತ್ತನ್ನೂ ಇದಕ್ಕೆ ಹೊಂದಿಸಿದರು. ಹದಿನೈದು ದಿನ ಬಿಟ್ಟು ತಾವೇ ಫೋನ್ ಮಾಡಿದರು. ಭಾವನಿಗೆ ಆ ಫೋನಿನದೇ ದೊಡ್ಡ ಹೆದರಿಕೆ! ಈಗ ಸಕ್ಕರೆ ಹಿಡಿತದಲ್ಲಿದೆ. ಹೋದ ಬೆರಳು ಮಾತ್ರ ಹೋದದ್ದೇ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಮುಂಬಯಿ ಮಹಾನಗರಪಾಲಿಕೆಯ 2021ರ ಸಮೀಕ್ಷೆಯಲ್ಲಿ 18ರಿಂದ 69 ವಯಸ್ಸಿನ ಶೇ. 34 ಮಂದಿಗೆ ರಕ್ತದೊತ್ತಡ, ಶೇ. 18 ಮಂದಿಗೆ ಸಕ್ಕರೆ ಕಾಯಿಲೆ ಕಂಡುಬಂತು. ಹಾಗಾದರೆ ಊಟ-ನಡಿಗೆ ಬದಲಿಸಿದರೆ ಪ್ರಯೋಜನ ಇದೆಯೇ? ಇದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ, ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿತು. ಅಭ್ಯಾಸ ಬದಲಿಸಲು ನೆರವು ಪಡೆದವರಲ್ಲಿ ಕಾಯಿಲೆ ಬರುವ ಸಂಭವ ಸುಮಾರು ಶೇ. 28ರಷ್ಟು ತಗ್ಗಿತ್ತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಆದದ್ದೂ ಹೆಚ್ಚುಕಡಿಮೆ ಅಷ್ಟೇ. 2013ರಲ್ಲಿ ಅದೇ ತಂಡ, ಮೊಬೈಲಿಗೆ ಆಗಾಗ ಸಂದೇಶ ಕಳಿಸಿ ನೆನಪಿಸಿದರೂ ಪ್ರಯೋಜನವಿದೆ ಎಂದು ತೋರಿಸಿತು. ಅಂದರೆ ಒಮ್ಮೆ ಹೇಳಿ ಕೈತೊಳೆದುಕೊಂಡರೆ ಸಾಲದು, ಮತ್ತೆ ಮತ್ತೆ ವಿಚಾರಿಸಬೇಕು.

ಡಾಕ್ಟರರನ್ನಷ್ಟೇ ದೂರಿ ಫಲವಿಲ್ಲ. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ವರದಿಯಂತೆ, ನಮ್ಮಲ್ಲಿ ಒಬ್ಬ ರೋಗಿಗೆ ಸಿಗುವುದು ಸುಮಾರು 2 ನಿಮಿಷ. ಹೊರಗೆ ನಲ್ವತ್ತು ಮಂದಿ ಕಾಯುತ್ತಿರುವಾಗ, ಕೋಣೆಯ ಬಾಡಿಗೆ ತಲೆಯ ಮೇಲಿರುವಾಗ ಪಾಪ ಅವರಾದರೂ ಏನು ಮಾಡಿಯಾರು? ನಾವೂ ಕಡಿಮೆಯವರಲ್ಲ. ಇಂಜೆಕ್ಷನ್ ಚುಚ್ಚದವರು ನಮಗೆ ಡಾಕ್ಟರೇ ಅಲ್ಲ. ಬರೀ ಮಾತಾಡಿ ಕಳಿಸಿದರೆ ಫೀಸು ಕೊಡಲು ಕೈ ಬರುವುದಿಲ್ಲ!

ಹಾಗಾಗಿ ನನ್ನದೊಂದು ಸಲಹೆ. ಮಹಾನಗರಪಾಲಿಕೆ 2022ರಲ್ಲಿ ಶುರುಮಾಡಿದ 'ಆಪಲಾ ದವಾಖಾನಾ'ಗಳಲ್ಲಿ, ರೋಗಿಯ ಜೊತೆ ಹತ್ತು ನಿಮಿಷ ಕೂತು ಮಾತಾಡುವುದಕ್ಕೆಂದೇ ಒಬ್ಬರು ಇರಲಿ. ನಮ್ಮ ಕನ್ನಡ ಸಂಘಗಳೂ ಆರೋಗ್ಯ ಶಿಬಿರ ನಡೆಸುತ್ತವೆ. ಸಕ್ಕರೆ ನೋಡಿ, ಚೀಟಿ ಕೊಟ್ಟು, ಫೋಟೋ ತೆಗೆಸಿಕೊಂಡರೆ ಮುಗಿಯಿತು. ಶಿಬಿರವಾದ ತಿಂಗಳಿಗೆ ನಾಲ್ಕು ಜನ ಕಾರ್ಯಕರ್ತರು ಕೂತು, ಸಕ್ಕರೆ ಹೆಚ್ಚಿದ್ದವರಿಗೆಲ್ಲ ಒಂದೊಂದು ಫೋನ್ ಮಾಡಲಿ. "ಅಣ್ಣಾ, ಡಾಕ್ಟರರ ಹತ್ತಿರ ಹೋದಿರಾ? ರಾತ್ರಿ ಊಟ ಎಷ್ಟು ಗಂಟೆಗೆ ಈಗ?" ಅಂತ ಅವರವರ ಮಾತಿನಲ್ಲೇ ಕೇಳಲಿ. ಖರ್ಚು ಏನೂ ಇಲ್ಲ.

ಭಾವನಿಗೆ ಆರು ವರ್ಷದ ಹಿಂದೆಯೇ ಯಾರಾದರೂ ಹಾಗೆ ಕೇಳಿದ್ದರೆ...