ಎರಡನೆಯ ಬೈಕು ಹಗುರವಾಗಿರಲಿ

ಡೊಂಬಿವಲಿಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಐದು ಅಡ್ವೆಂಚರ್ ಬೈಕುಗಳು ಹೊದಿಕೆ ಹೊದ್ದು ನಿಂತಿವೆ. ಅವುಗಳಲ್ಲಿ ಒಂದು ನನ್ನದು, 2021ರಲ್ಲಿ ಕೊಂಡ ಹಿಮಾಲಯನ್ 411. ಅದರ ಜೊತೆಗೆ ಇನ್ನೊಂದು ಕೊಳ್ಳಬೇಕೆಂದು ಬಾಯಿ ಬಿಟ್ಟದ್ದೇ ತಡ, ಐರೋಲಿ, ಮಹಾಪೆಯ ಕಂಪನಿಗಳಲ್ಲಿ ನನ್ನಂತೆಯೇ ದುಡಿಯುವ, ನಲವತ್ತು ದಾಟಿದ ಕನ್ನಡಿಗ ಗೆಳೆಯರೆಲ್ಲ ಒಂದೇ ರಾಗ ಹಾಡಿದರು: "ಇನ್ನೇನು, 450 ತಗೋ. ಇಲ್ಲಾ ಅದಕ್ಕಿಂತ ದೊಡ್ಡದು ನೋಡು."

ಈ ಸಲಹೆ ತಪ್ಪು. ನನಗೊಬ್ಬನಿಗೇ ಅಲ್ಲ, ಠಾಣೆ, ಕಲ್ಯಾಣ, ನವಿ ಮುಂಬೈಗಳಲ್ಲಿ ಕುಳಿತು ಎರಡನೆಯ ಬೈಕಿನ ಲೆಕ್ಕ ಹಾಕುತ್ತಿರುವ ನಮ್ಮಲ್ಲಿ ಬಹುತೇಕರಿಗೂ ತಪ್ಪು.

ಮೊದಲು ರಸ್ತೆಯ ಮಾತು. ದೊಡ್ಡ ಎಂಜಿನ್ನಿನ ಸುಖ ಗೊತ್ತಾಗುವುದು ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮೇಲೆ. ಅಂಥ ವೇಗದ ರಸ್ತೆಗಳು ನಮ್ಮ ಸುತ್ತ ಬೇಕಾದಷ್ಟಿವೆ, ಆದರೆ ಬೈಕಿಗೆ ಅಲ್ಲಿ ಪ್ರವೇಶವಿಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಇಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆಯ ಮೇಲೆ ಇಲ್ಲ. 2025ರ ಜೂನ್‌ನಲ್ಲಿ ನಮ್ಮದೇ ಠಾಣೆ ಜಿಲ್ಲೆಯ ಆಮಣೆಯವರೆಗೆ ಬಂದು ಮುಟ್ಟಿದ, 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗದಲ್ಲೂ ಇಲ್ಲ. ನಮಗೆ ಉಳಿಯುವುದು ಕಲ್ಯಾಣ–ಶಿಳ್ ರಸ್ತೆ. ಅಲ್ಲಿ ಸಂಜೆ ಏಳಕ್ಕೆ ನನ್ನ 411 ಕೂಡ ಡೆಲಿವರಿ ಹುಡುಗನ ಸ್ಕೂಟರಿನ ಹಿಂದೆಯೇ ತೆವಳುತ್ತದೆ. ಭಾನುವಾರಕ್ಕೆ ಮುರಬಾಡ್ ದಾಟಿ ಮಾಳಶೇಜ್ ಘಾಟ್, ಬದಲಾಪುರದಾಚೆಯ ಬಾರ್ವಿ ಅಣೆಕಟ್ಟಿನ ಕಡೆ, ಮಲಂಗಗಡದ ಬುಡ. ಅಲ್ಲಿ ಡಾಂಬರು ಬಿಟ್ಟು ಊರೊಳಗಿನ ದಾರಿ ಹಿಡಿದರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಸಡಿಲ ಜಲ್ಲಿ. ಅಲ್ಲಿ ಬೇಕಾದದ್ದು ವೇಗವಲ್ಲ, ಹಿಡಿತ.

ಇದನ್ನು ಕಲಿತದ್ದು ನೆಲಕ್ಕೆ ಬಿದ್ದು. ಎರಡು ಮಳೆಗಾಲದ ಹಿಂದೆ ಬಾರ್ವಿ ಕಡೆಯ ಒಂದು ಮಣ್ಣುದಾರಿಯಲ್ಲಿ ಮುಂದಿನ ಚಕ್ರ ಜಾರಿ ಬೈಕು ಎಡಕ್ಕೆ ಮಲಗಿತು, ನನ್ನ ಕಾಲು ಅದರಡಿ ಸಿಕ್ಕಿತು. ಒಬ್ಬನೇ ಇದ್ದೆ. 199 ಕೆ.ಜಿ. ಎಂಬುದನ್ನು ಕೊಳ್ಳುವಾಗ ಕಾಗದದಲ್ಲಿ ಓದಿದ್ದೆ, ಆ ದಿನ ಮೂಳೆಯಲ್ಲಿ ಓದಿದೆ. ಕಾಲು ಹೇಗೋ ಎಳೆದುಕೊಂಡೆ, ಬೈಕು ಎತ್ತಲು ಮಾತ್ರ ಆಗಲಿಲ್ಲ. ಅರ್ಧ ಗಂಟೆಯ ಮೇಲೆ ಭತ್ತದ ನಾಟಿ ಮುಗಿಸಿ ಬರುತ್ತಿದ್ದ ಇಬ್ಬರು ಕೈಹಚ್ಚಿದರು. "ಗಾಡಿ ಲಯ್ ಜಡ್ ಆಹೆ, ಸಾಹೇಬ್" ಎಂದು ಒಬ್ಬಾತ ಹೇಳಿದ. ಭಾರೀ ಭಾರದ ಗಾಡಿ, ಅಷ್ಟೇ. ಅದರಲ್ಲಿ ಅಣಕವಿರಲಿಲ್ಲ.

ಆಮೇಲೆ ನಾನು ಮಣ್ಣುದಾರಿ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಗೆಳೆಯರು ಕರೆದಾಗ ರಿಲೀಸ್ ಇದೆ, ಮಗಳ ಪರೀಕ್ಷೆ ಇದೆ ಎಂದೆ. ಬದಲಿಗೆ ರಾತ್ರಿ ಕುಳಿತು 450ರ ವಿಡಿಯೋ ನೋಡತೊಡಗಿದೆ. ಹೆದರಿಕೆ ಇದ್ದದ್ದು ಮೈಯಲ್ಲಿ, ಮದ್ದು ಹುಡುಕಿದ್ದು ಶೋರೂಮಿನಲ್ಲಿ. ಒಂದು ರಾತ್ರಿ ಹೆಂಡತಿ ಹಿಂದೆ ಬಂದು ನಿಂತು ಕೇಳಿದಳು, "ಎತ್ತಲಿಕ್ಕೆ ಆಗಲಾರದ್ದನ್ನ ಇನ್ನೊಂದು ತರ್ತೀರೇನ್ರೀ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಲೆಕ್ಕ ಹಾಕಿದೆ. 450 ನನ್ನ ಬೈಕಿಗಿಂತ ಹಗುರ ಎಷ್ಟು? ಮೂರೇ ಕೆ.ಜಿ. ಶಕ್ತಿ 24ರಿಂದ 40ಕ್ಕೆ ಏರುತ್ತದೆ ನಿಜ, ಆದರೆ ಅದನ್ನು ಬಳಸುವ ರಸ್ತೆಗೆ ನನಗೆ ಪ್ರವೇಶವಿಲ್ಲ ಎಂದು ಆಗಲೇ ಹೇಳಿದೆ. ಬೆಲೆ ಮೂರು ಲಕ್ಷ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ ಶೇ. 40, ಅದರ ಒಳಗಿನದಕ್ಕೆ ಶೇ. 18. ಇನ್ನೊಂದು ಕಡೆ ಹೀರೋದ ಎಕ್ಸ್‌ಪಲ್ಸ್ 210 ಇದೆ. ತೂಕ 168 ಕೆ.ಜಿ., ನನ್ನ ಬೈಕಿಗಿಂತ 31 ಕೆ.ಜಿ. ಕಡಿಮೆ. ಎಂಜಿನ್ ಅರ್ಧದಷ್ಟೇ ಇದ್ದರೂ ಶಕ್ತಿ ಹೆಚ್ಚುಕಡಿಮೆ ಅಷ್ಟೇ, 24ರ ಆಸುಪಾಸು. ಆದರೆ ಟಾರ್ಕ್ 32ರ ಜಾಗದಲ್ಲಿ ಸುಮಾರು 21. ಘಾಟಿಯಲ್ಲಿ ಹೆಚ್ಚು ಸಲ ಗೇರು ಬದಲಿಸಬೇಕು, ಹಿಂದೆ ಸಾಮಾನು ಹೇರಿದರೆ ಏದುಸಿರು ಬಿಡುತ್ತದೆ. ಸೀಟು ಮೂರು ಸೆಂಟಿಮೀಟರ್ ಎತ್ತರ, ಕುಳ್ಳಗಿರುವವರು ಕುಳಿತು ನೋಡಿಯೇ ಕೊಳ್ಳಬೇಕು.

"ಹಾಗಾದ್ರೆ ಊರಿಗೆ ಹೆಂಗ ಹೋಗ್ತಿ?" ಎನ್ನುತ್ತಾರೆ ಗೆಳೆಯರು. ಡೊಂಬಿವಲಿಯಿಂದ ಧಾರವಾಡ ಐದುನೂರು ಕಿಲೋಮೀಟರಿಗೂ ಮೇಲೆ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿಕೊಂಡು ಹೋಗಲು ಮನೆಯಲ್ಲಿ 411 ಇದೆಯಲ್ಲ! ಮೊದಲನೆಯದು ಚೆನ್ನಾಗಿ ಮಾಡುವ ಕೆಲಸಕ್ಕೇ ಎರಡನೆಯದನ್ನೂ ತರುವುದು ಯಾವ ಜಾಣತನ? ಪ್ರಾಜೆಕ್ಟಿನಲ್ಲಿ ಕೆಲಸ ನಿಂತಿರುವುದು ಟೆಸ್ಟಿಂಗಿನಲ್ಲಿ, ಮ್ಯಾನೇಜರ್ ತರುವುದು ಇನ್ನೊಬ್ಬ ಡೆವಲಪರನನ್ನು ಎಂದರೆ ನಾವೇ ನಗುತ್ತೇವೆ. ಬೈಕಿನ ವಿಷಯಕ್ಕೆ ಬಂದಾಗ ಅದನ್ನೇ ಮಾಡುತ್ತೇವೆ.

ಇನ್ನು ಕೆಲವರು ಕರುಳಿಗೆ ಕೈ ಹಾಕುತ್ತಾರೆ: "ಯೆಜ್ಡಿ ಅಡ್ವೆಂಚರ್ ತಗೋ ಮಾರಾಯ, ನಮ್ಮ ಮೈಸೂರಿನ ಹೆಸರು." ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹೆಸರು ಮರಳಿ ಬಂದಿದೆ, ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. 334 ಸಿಸಿಯಾದ್ದರಿಂದ ತೆರಿಗೆ ಕಡಿಮೆ, ಒಪ್ಪಿದೆ. ತೂಕ ಮಾತ್ರ ಕಡಿಮೆಯಲ್ಲ. ಅಪ್ಪ ಯೆಜ್ಡಿ ಮೇಲೆ ಹೊಲಕ್ಕೆ ಹೋಗುತ್ತಿದ್ದರು. ಎರೆಮಣ್ಣಿನಲ್ಲಿ ವಾರಕ್ಕೊಮ್ಮೆ ಬೀಳುತ್ತಿದ್ದರು, ಎದ್ದು ಧೋತರ ಝಾಡಿಸಿ ಅದನ್ನು ತಾವೇ ಎತ್ತಿ ಹೊರಡುತ್ತಿದ್ದರು. ಅಪ್ಪನಿಂದ ಪಡೆಯಬೇಕಾದದ್ದು ಟ್ಯಾಂಕಿನ ಮೇಲಿನ ಹೆಸರನ್ನಲ್ಲ, ಈ ಧೈರ್ಯವನ್ನು.

ಇರುವ ಒಂದನ್ನೇ ಹೊರತೆಗೆಯದವನಿಗೆ ಎರಡನೆಯದು ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಮಣ್ಣುದಾರಿಯ ಆಸೆ ಇಲ್ಲದವರು ಖಂಡಿತ ಕೊಳ್ಳಬೇಡಿ. ಸೊಸೈಟಿಯಲ್ಲಿ ಎರಡನೆಯ ಬೈಕಿಗೆ ಜಾಗ ಕೇಳುವುದೇ ಒಂದು ಸಾಹಸ. ನನಗೆ ಆಸೆ ಇದೆ, ಅದು ಹೆದರಿಕೆಯ ಕೆಳಗೆ ಸಿಕ್ಕಿಕೊಂಡಿದೆ. ಬಿದ್ದರೆ ಒಬ್ಬನೇ ಎತ್ತಬಲ್ಲೆ ಎಂಬ ನಂಬಿಕೆ ಇದ್ದರೆ ಮಾತ್ರ ಮತ್ತೆ ಆ ದಾರಿಗೆ ಇಳಿದೇನು.

ಆದ್ದರಿಂದ ಕೊಳ್ಳುವವರಿಗೆ ನನ್ನದೊಂದೇ ಮಾತು. ಟೆಸ್ಟ್ ರೈಡ್ ಆಮೇಲೆ ಮಾಡಿ. ಮೊದಲು ನಿಮ್ಮದೇ ಬೈಕನ್ನು ಹುಲ್ಲಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಒಬ್ಬರೇ ಎತ್ತಿ ನೋಡಿ. ನಾನು ಹೋದ ಭಾನುವಾರ ನೋಡಿದೆ. ಎರಡು ಸಲ ಸೋತೆ. ಮೂರನೆಯ ಸಲ ಹೆಂಡತಿ ಕೈಗೂಡಿಸಿದಳು. ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಕಲ್ಯಾಣದಲ್ಲಿ 168 ಕೆ.ಜಿ.ಯದಕ್ಕೆ ಮುಂಗಡ ಕಟ್ಟಿ ಬಂದೆವು.