ಹೆಗ್ಗಣದ ಬಿಲಕ್ಕೆ ಅಡುಗೆ ಸಿಲಿಂಡರ್ ಒಯ್ಯಬೇಡಿ

ಹೋದ ವಾರ ನಮ್ಮೂರ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಅಮೆರಿಕದ ರೈತನೊಬ್ಬ ಬಿಲದೊಳಗೆ ಕೊಳವೆ ತೂರಿಸಿ ಪ್ರೊಪೇನ್ ಮತ್ತು ಆಕ್ಸಿಜನ್ ಬಿಡುತ್ತಾನೆ. ಗುಂಡಿ ಒತ್ತಿದರೆ ಢಮಾರ್! ಮಣ್ಣು ಹಾರುತ್ತದೆ.

"ಅಣ್ಣಾ, ಮನೇಲಿ ಗ್ಯಾಸ್ ಐತೆ, ವೆಲ್ಡಿಂಗ್ ಅಂಗಡೀಲಿ ಆಕ್ಸಿಜನ್ ಸಿಗ್ತದೆ. ನಾವೇ ಮಾಡಬಹುದಲ್ಲ?" ಅಂದ.

ಅವನ ಸಿಟ್ಟು ಅರ್ಥವಾಗುತ್ತದೆ. ತೆನೆ ಬರುವ ಹೊತ್ತಿಗೆ ಇಲಿ ಕತ್ತರಿಸಿ ಹಾಕಿದ ಗದ್ದೆಯನ್ನು ನಾನೂ ನೋಡಿದ್ದೇನೆ. ಆದರೂ ಬೇಡ ಅಂದೆ.

ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನಮ್ಮ ಅಡುಗೆ ಗ್ಯಾಸಿನಲ್ಲಿ ಅದಕ್ಕಿಂತ ಭಾರದ ಬ್ಯುಟೇನ್ ಕೂಡ ಇರುತ್ತದೆ. ಸೋರಿದರೆ ತಗ್ಗು ಹುಡುಕಿ ಕೂರುತ್ತದೆ. ಹೆಗ್ಗಣದ ಬಿಲಕ್ಕೋ ಹಲವು ಬಾಯಿ. ಒಂದು ಬದುವಿನಲ್ಲಿದ್ದರೆ ಇನ್ನೊಂದು ಪಂಪ್‌ಮನೆಯ ಗೋಡೆ ಬುಡದಲ್ಲಿರಬಹುದು. ಅಲ್ಲಿ ಮೋಟರ್ ಸ್ಟಾರ್ಟರಿನ ಒಂದು ಕಿಡಿ ಸಾಕು.

ಆಕ್ಸಿಜನ್ ಇನ್ನೂ ಮೋಸದ್ದು, ಅದಕ್ಕೆ ವಾಸನೆಯೇ ಇಲ್ಲ. ತಾನು ಉರಿಯದಿದ್ದರೂ ಪಕ್ಕದಲ್ಲಿರುವುದನ್ನು ಧಗಧಗ ಉರಿಸುತ್ತದೆ. ತುಂಬಿದ ಸಿಲಿಂಡರಿನಲ್ಲಿ ಒತ್ತಡ ಸುಮಾರು 150 ಬಾರ್. ಟ್ರ್ಯಾಕ್ಟರ್ ರಿಪೇರಿ ಮಾಡಿದ ಗ್ರೀಸ್ ಕೈಯಲ್ಲೇ ವಾಲ್ವ್ ತಿರುಗಿಸಿದರೆ ಅಲ್ಲೇ ಹೊತ್ತಿಕೊಳ್ಳಬಹುದು. ಸೋರಿದ ಆಕ್ಸಿಜನ್ ಅಂಗಿಯಲ್ಲಿ ಸೇರಿಕೊಂಡಿದ್ದಾಗ ಬೀಡಿ ಹಚ್ಚಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕೇ?

ಎರಡೂ ಪೈಪನ್ನು ಒಂದೆಡೆ ಜೋಡಿಸಿದರೆ ಹೆಚ್ಚು ಒತ್ತಡದ ಆಕ್ಸಿಜನ್ ಗ್ಯಾಸ್ ಪೈಪಿಗೆ ನುಗ್ಗಬಹುದು, ಬೆಂಕಿ ಸಿಲಿಂಡರಿನ ಕಡೆಗೆ ಓಡಬಹುದು. ಗ್ಯಾಸ್ ಕಟಿಂಗ್ ಮಾಡುವವರು ಇದನ್ನು ತಡೆಯಲು ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಎಂಬ ಸಾಧನ ಹಾಕುತ್ತಾರೆ. ಅಡುಗೆಮನೆ ರೆಗ್ಯುಲೇಟರಿನಲ್ಲಿ ಅದು ಇರುವುದಿಲ್ಲ. ಮನೆ ಸಿಲಿಂಡರನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ, ಅದು ಬೇರೆ ಮಾತು.

ಬದು ಅಗಲ ಬಿಡಬೇಡಿ, ಹುಲ್ಲು ಸವರಿ, ಬೋನು ಇಡಿ. ಮುಖ್ಯವಾಗಿ ಅಕ್ಕಪಕ್ಕದ ಗದ್ದೆಯವರೆಲ್ಲ ಒಂದೇ ಸಲ ಮಾಡಿ. ಒಬ್ಬರೇ ಮಾಡಿದರೆ ಪಕ್ಕದವರ ಇಲಿ ನಿಮ್ಮ ಗದ್ದೆಗೆ ಬರುತ್ತದೆ. ಇದನ್ನು ನಾಟಿಗೆ ಮೊದಲೇ ಬದುವಿನ ಮೇಲೆ ನಿಂತು ತೋರಿಸಿಕೊಡುವಂತೆ ಗ್ರಾಮಸಭೆಯಲ್ಲಿ ಕೇಳಬೇಕು. ನಾನು ವರದಿಗೆಂದು ಹೋದ ಸಭೆಗಳಲ್ಲಿ ಇಲಿಯ ವಿಷಯ ಬಂದದ್ದೇ ಇಲ್ಲ.

ಆ ಹುಡುಗ ಆಗಲೇ ಸಿಲಿಂಡರಿನ ಬಾಡಿಗೆ ಕೇಳಿ ಬಂದಿದ್ದನಂತೆ. ನಿಮ್ಮೂರಲ್ಲೂ ಯಾರಾದರೂ ಬಿಲಕ್ಕೆ ಗ್ಯಾಸ್ ಬಿಟ್ಟಿದ್ದರೆ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ. ಮಕ್ಕಳನ್ನು ಕರೆದುಕೊಂಡು ದೂರ ಹೋಗಿ, ಅಲ್ಲಿಂದ 1906ಕ್ಕೆ ಫೋನ್ ಮಾಡಿ.