ಚೆಂದದ ನಂಬರು, ಸುಳ್ಳು ಲೆಕ್ಕ

ನಮ್ಮ ರೂಮಿನ ಕಾಕನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಿದರೆ ದಿನಾ 160, 170. ಕ್ಲಿನಿಕ್ಕಿನ ಎಚ್‌ಬಿಎ1ಸಿ ರಿಪೋರ್ಟಿನಲ್ಲಿ ಮಾತ್ರ 6.2. "ಕಂಟ್ರೋಲಲ್ಲಿದೆ, ನಿಮ್ಮ ಮೆಷಿನ್ನೇ ಹಾಳಾಗಿರಬೇಕು" ಅಂತ ಕಳಿಸಿಬಿಟ್ಟರು. ಕಾಕನಿಗೆ ಜಿ6ಪಿಡಿ ಕೊರತೆ ಇದೆ ಎಂದು ಊರಿನ ಹಳೇ ಚೀಟಿಯಲ್ಲಿ ಬರೆದಿತ್ತು. ಅದನ್ನು ಯಾರೂ ಕೇಳಲೇ ಇಲ್ಲ.

ನಾನು ಡಾಕ್ಟರಲ್ಲ, ಲೆಕ್ಕ ಬರೆಯುವವನು. ಎರಡು ಪುಸ್ತಕ ತಾಳೆಯಾಗದಿದ್ದಾಗ ಚೆಂದ ಕಾಣುವುದಕ್ಕೆ ಸಹಿ ಹಾಕಿದರೆ ನಮ್ಮ ಕೆಲಸ ಹೋಗುತ್ತದೆ. ಇಲ್ಲಿ ಹೋಗುವುದು ಕಣ್ಣು, ಕಿಡ್ನಿ.

ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಕಣ ಸುಮಾರು 120 ದಿನ ಬದುಕುತ್ತದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಸಿಕಲ್ ಸೆಲ್, ಜಿ6ಪಿಡಿ ಕೊರತೆ, ಕೆಲವು ಬಗೆಯ ಥಲಸ್ಸೇಮಿಯಾ ಇದ್ದವರಲ್ಲಿ ಕಣ ಬೇಗ ಒಡೆಯಬಹುದು. ಆಗ ಸಕ್ಕರೆ ಅಂಟಲು ಸಮಯ ಸಾಲದು. ನಂಬರು ಇಳಿಯುತ್ತದೆ, ಕಾಯಿಲೆ ಇಳಿದಿರುವುದಿಲ್ಲ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರ ರಿಪೋರ್ಟೂ ಹಾಗೆಯೇ, ನಂಬಲಾಗದು.

ಇದೇನು ಗುಟ್ಟಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಟೆಸ್ಟಿನಿಂದ ಸಕ್ಕರೆ ಕಾಯಿಲೆ ಗುರುತಿಸಬಹುದೆಂದು ಒಪ್ಪಿದಾಗಲೇ, ಫಲಿತಾಂಶ ಕೆಡಿಸುವ ತೊಂದರೆ ಇರಬಾರದೆಂಬ ಷರತ್ತು ಹಾಕಿತ್ತು. ಸೌದಿಯಲ್ಲಿ 2004ರಿಂದ ಮದುವೆಗೆ ಮುಂಚೆ ಸಿಕಲ್ ಸೆಲ್, ಥಲಸ್ಸೇಮಿಯಾ ಟೆಸ್ಟ್ ಕಡ್ಡಾಯ. ಮದುಮಗನಿಗೆ ಕೇಳುವ ಪ್ರಶ್ನೆಯನ್ನು ಸಕ್ಕರೆ ಕಾಯಿಲೆಯ ಕೆಲಸಗಾರನಿಗೆ ಕೇಳಲು ಏನು ಅಡ್ಡಿ?

ಖರ್ಚು ಅನ್ನುತ್ತಾರೆ. ಕೇಳುವುದಕ್ಕೆ ಖರ್ಚಿಲ್ಲ. ಗ್ಲುಕೋಮೀಟರಿನ ದಿನದ ಲೆಕ್ಕ ಕಾಕನ ಕೈಯಲ್ಲೇ ಇತ್ತು. ಕಳೆದ ಎರಡು ಮೂರು ವಾರದ ಸಕ್ಕರೆ ತಿಳಿಸುವ ಫ್ರಕ್ಟೋಸಮೈನ್ ಟೆಸ್ಟ್ ರಕ್ತಕಣವನ್ನು ನೆಚ್ಚಿಕೊಂಡದ್ದಲ್ಲ.

ತಪ್ಪು ನಮ್ಮದೂ ಇದೆ. ನಮ್ಮ ಸಂಘಗಳ ಮೆಡಿಕಲ್ ಕ್ಯಾಂಪಿನಲ್ಲೂ ಒಂದು ನಂಬರು ಬರೆದು ಫೋಟೋ ತೆಗೆದು ಮುಗಿಸುತ್ತೇವೆ. ಇನ್ನು ಮುಂದೆ ಫಾರಮಿನಲ್ಲಿ ಒಂದು ಸಾಲು ಸೇರಲಿ: "ಮನೆತನದಲ್ಲಿ ರಕ್ತದ ಕಾಯಿಲೆ ಇದೆಯೇ?"

ಊರಿನಲ್ಲಿರುವವರೇ, ಹಳೇ ಚೀಟಿಯ ಫೋಟೋ ಕಳಿಸಿ. ಇಲ್ಲಿರುವವರೇ, ಮಾತ್ರೆಯನ್ನು ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ. ಎರಡು ಲೆಕ್ಕವನ್ನೂ ಡಾಕ್ಟರ ಮೇಜಿನ ಮೇಲಿಟ್ಟು, ಯಾಕೆ ತಾಳೆಯಾಗುತ್ತಿಲ್ಲ ಎಂದು ಕೇಳಿ. ಉತ್ತರ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.